ಹಳೆಯ ವಾದ್ಯಕ್ಕೆ ನ್ಯಾಯವಾದ ಬೆಲೆ

ಗಣೇಶೋತ್ಸವದಿಂದ ಮೊದಲುಗೊಂಡು ಮದುವೆಯ ದಿನಗಳು ಮುಗಿಯುವವರೆಗೆ ನಮ್ಮ ಸಂಘಗಳ ವೇದಿಕೆಗಳಲ್ಲಿ ವಾದ್ಯಗೋಷ್ಠಿಗಳಿಗೆ ಬರವಿಲ್ಲ. ಈ ಗೋಷ್ಠಿಗಳಿಗೆ ಹಾಡುವವರು ಬೇಕಾದಷ್ಟು ಜನ ದೊರೆಯುತ್ತಾರೆ. ಕೀಬೋರ್ಡ್ ನುಡಿಸುವವರೂ ತಬಲ ಬಾರಿಸುವವರೂ ದೊರೆಯುತ್ತಾರೆ. ಸುಲಭವಾಗಿ ದೊರೆಯದವನು ಬೇಸ್ ಗಿಟಾರಿನವನು. ಅದರಿಂದಲೇ ಇರಬೇಕು, ಹೋಟೆಲಿನ ಗಲ್ಲಾದಲ್ಲಿಯೋ ಕಚೇರಿಯ ಕಡತಗಳ ನಡುವೆಯೋ ಹಗಲನ್ನು ಕಳೆಯುವ ನಮ್ಮ ತರುಣರಲ್ಲಿ ಕೆಲವರ ಮನಸ್ಸು ಈ ವಾದ್ಯದ ಕಡೆಗೆ ಒಲಿಯುತ್ತಿದೆ. ಹೊಸ ವಾದ್ಯವನ್ನು ಕೊಳ್ಳುವಷ್ಟು ಹಣ ಅವರ ಕೈಯಲ್ಲಿಲ್ಲ. ಆದುದರಿಂದ ಮತ್ತೊಬ್ಬರು ಬಳಸಿ ಬಿಟ್ಟದ್ದನ್ನು ಹುಡುಕುತ್ತಾರೆ. ಮಾರುವವನೂ ಹೆಚ್ಚಾಗಿ ಅವರಂತೆಯೇ ಪಗಾರವನ್ನು ನಂಬಿ ಬದುಕುವವನು. ಇಬ್ಬರು ಬಡವರ ನಡುವಣ ಈ ಕೊಡು-ಕೊಳ್ಳುವಿಕೆಯಲ್ಲಿ ನ್ಯಾಯ ಯಾವುದು ಎಂಬುದನ್ನು ಕುರಿತು ನಮ್ಮ ವಾಚಕರ ಮುಂದೆ ಕೆಲವು ಮಾತುಗಳನ್ನಿಡಬೇಕೆಂದು ನಮಗೆ ತೋರುತ್ತದೆ.

ದೇಶದಲ್ಲಿ ಇಷ್ಟೊಂದು ದೊಡ್ಡ ಸಮಸ್ಯೆಗಳಿರುವಾಗ ಪತ್ರಿಕೆಯೊಂದು ಹಳೆಯ ಗಿಟಾರಿನ ಬೆಲೆಯನ್ನು ಚರ್ಚಿಸಬೇಕೆ ಎಂದು ಕೆಲವರು ಕೇಳಬಹುದು. ದೊಡ್ಡ ಸಮಸ್ಯೆಗಳ ಪರಿಹಾರ ನಮ್ಮ ವಾಚಕರ ಕೈಯಲ್ಲಿ ಬಹುಮಟ್ಟಿಗೆ ಇಲ್ಲ. ತಿಂಗಳ ಕೊನೆಯಲ್ಲಿ ಉಳಿದ ಎರಡು ಸಾವಿರ ರೂಪಾಯಿಗಳನ್ನು ಹೇಗೆ ವಿನಿಯೋಗಿಸಬೇಕು, ತನ್ನಂತೆಯೇ ಇರುವ ಇನ್ನೊಬ್ಬನೊಡನೆ ಹೇಗೆ ವ್ಯವಹರಿಸಬೇಕು ಎಂಬುದು ಮಾತ್ರ ಪೂರ್ಣವಾಗಿ ಅವರ ಕೈಯಲ್ಲಿದೆ. ಅಂಥ ವಿಷಯವನ್ನು ಚರ್ಚಿಸುವುದು ಪತ್ರಿಕೆಯ ಘನತೆಗೆ ಕುಂದಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಈ ವಾದ್ಯದ ಪರಿಚಯವನ್ನು ಮಾಡಿಕೊಳ್ಳುವುದು ಒಳ್ಳೆಯದು. ಪಾಶ್ಚಾತ್ಯ ವಾದ್ಯಗೋಷ್ಠಿಗಳಲ್ಲಿ ಕೆಳಗಿನ ಸ್ವರಗಳಿಗಾಗಿ ಆಳೆತ್ತರದ ಡಬಲ್ ಬೇಸ್ ಎಂಬ ವಾದ್ಯವನ್ನು ಬಳಸುತ್ತಿದ್ದರು. ಅದನ್ನು ಊರಿಂದೂರಿಗೆ ಸಾಗಿಸುವುದು ದೊಡ್ಡ ಕಷ್ಟ. ಸಾಗಿಸಿದ ಮೇಲೂ ಡ್ರಮ್ಮಿನ ಮತ್ತು ವಿದ್ಯುತ್ ಗಿಟಾರಿನ ಗದ್ದಲದಲ್ಲಿ ಅದರ ದನಿ ಕೇಳುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್ 1951ರಲ್ಲಿ ಈ ಕಷ್ಟಕ್ಕೆ ಪರಿಹಾರವಾಗಿ ಗಿಟಾರಿನಂತೆ ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ಬೇಸನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಮೊದಲೇ, 1930ರ ದಶಕದಲ್ಲಿ, ಸಿಯಾಟಲಿನ ಪಾಲ್ ಟಟ್ಮಾರ್ಕ್ ಎಂಬವರು ಇಂಥದೇ ಪ್ರಯತ್ನವನ್ನು ಮಾಡಿದ್ದರಾದರೂ ಜನರ ಕೈಗೆ ಸೇರಿ ನೆಲೆಯಾದದ್ದು ಫೆಂಡರರ ವಾದ್ಯವೇ. ಲಿಯೋ ಫೆಂಡರ್ ಸಂಗೀತಗಾರರಾಗಿರಲಿಲ್ಲ. ರೇಡಿಯೋ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದವರು. ಕೆಟ್ಟ ವಸ್ತುವನ್ನು ಬಿಚ್ಚಿ ಸರಿಪಡಿಸುವವನ ದೃಷ್ಟಿಯಿಂದಲೇ ಅವರು ವಾದ್ಯವನ್ನು ಕಟ್ಟಿದರು. ಅದರ ಕತ್ತನ್ನು ಒಡಲಿಗೆ ಅಂಟಿನಿಂದ ಬೆಸೆಯದೆ ತಿರುಪುಗಳಿಂದ ಬಿಗಿದರು. ಬಿರಡೆ, ಕುದುರೆ, ನಾದವನ್ನು ಹಿಡಿಯುವ ಪಿಕಪ್ಪು, ತಂತಿಯನ್ನು ಸಿಕ್ಕಿಸುವ ಜ್ಯಾಕು, ಇವೆಲ್ಲವನ್ನೂ ಬೇರೆಬೇರೆಯಾಗಿ ಕಳಚಬಹುದು, ಬದಲಾಯಿಸಬಹುದು.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಹಳೆಯ ಪಿಟೀಲಿನ ಒಡಲು ಸೀಳಿದರೆ ಅದನ್ನು ಸರಿಪಡಿಸಬಲ್ಲ ಕುಶಲಿಗಳು ವಿರಳ. ವಿದ್ಯುತ್ ಬೇಸ್ ಗಿಟಾರ್ ಹಾಗಲ್ಲ. ಗಟ್ಟಿಮರದ ಒಡಲು, ಸುಲಭವಾಗಿ ಸಿಕ್ಕುವ ಬಿಡಿಭಾಗಗಳು. ಹತ್ತು ಹದಿನೈದು ವರ್ಷ ಬಳಸಿದ ಮೇಲೂ, ಕತ್ತು ನೆಟ್ಟಗಿದ್ದರೆ, ಉಳಿದುದನ್ನು ಸ್ವಲ್ಪ ಹಣದಲ್ಲಿ ಹೊಸದರಂತೆ ಮಾಡಿಕೊಳ್ಳಬಹುದು. ಹಳೆಯದನ್ನು ಧೈರ್ಯವಾಗಿ ಕೊಳ್ಳಬಹುದಾದ ವಾದ್ಯಗಳಲ್ಲಿ ಇದು ಒಂದು.

ಈ ವಾದ್ಯದ ಮಹಾವಾದಕರಲ್ಲೊಬ್ಬರ ಚರಿತ್ರೆಯಲ್ಲಿಯೂ ನಮಗೆ ಹತ್ತಿರವಾದ ಸಂಗತಿಯೊಂದಿದೆ. ಜೇಮ್ಸ್ ಜೇಮರ್ಸನ್ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ 1936ರಲ್ಲಿ ಹುಟ್ಟಿದವರು. 1954ರಲ್ಲಿ, ಹದಿಹರೆಯದಲ್ಲಿ, ಊರನ್ನು ಬಿಟ್ಟು ಮೋಟಾರು ಕಾರ್ಖಾನೆಗಳ ನಗರವಾದ ಡೆಟ್ರಾಯಿಟಿಗೆ ಬಂದವರು. 1960ರ ದಶಕದಲ್ಲಿ ಆ ನಗರದ ಮೋಟೌನ್ ಸಂಸ್ಥೆಯಿಂದ ಹೊರಬಿದ್ದು ಜಗತ್ತೆಲ್ಲ ಕೇಳಿದ ನೂರಾರು ಹಾಡುಗಳ ಕೆಳಗೆ ಅವರ ಬೇಸ್ ನುಡಿಯುತ್ತದೆ. ಆದರೆ ಬಹುಕಾಲದವರೆಗೆ ಆ ತಟ್ಟೆಗಳ ಮೇಲೆ ಅವರ ಹೆಸರು ಅಚ್ಚಾಗಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ತಟ್ಟೆಯೊಂದರಲ್ಲಿ ಅದು ಕಾಣಿಸಿತು. ಇಂಥವರಿಗೂ ಆರಂಭದ ದಿನಗಳಲ್ಲಿ ದೊರೆತ ವಿದ್ಯುತ್ ಬೇಸ್ ಜೊತೆಗಾರ ವಾದಕನೊಬ್ಬನ ಕೈಯಿಂದ ಬಂದ ಹಳೆಯ ವಾದ್ಯವಾಗಿತ್ತು. ಊರು ಬಿಟ್ಟು ಬಂದವನು, ಹೆಸರಿಲ್ಲದೆ ದುಡಿದವನು, ಮತ್ತೊಬ್ಬನ ಹಳೆಯ ವಾದ್ಯದಿಂದ ಮೊದಲಿಟ್ಟವನು. ನಮ್ಮ ಹೋಟೆಲು ತರುಣನು ಇದರಲ್ಲಿ ತನ್ನ ಮುಖವನ್ನು ಕಂಡುಕೊಂಡರೆ ತಪ್ಪಿಲ್ಲ.

ನಮ್ಮ ದೇಶದ ಚಿತ್ರಸಂಗೀತದಲ್ಲಿಯೂ ಈ ವಾದ್ಯದ ಸ್ಥಾನ ಹಿರಿದು. ರಾಹುಲ್ ದೇವ್ ಬರ್ಮನ್ನರ ವಾದ್ಯವೃಂದದಲ್ಲಿ ಟೋನಿ ವಾಜ್ ಅವರ ಬೇಸ್ ಗಿಟಾರನ್ನು ಕೇಳದ ಮುಂಬಯಿಗರಿಲ್ಲ. ಹೆಸರನ್ನು ತಿಳಿದವರು ಮಾತ್ರ ಕಡಿಮೆ. ಕನ್ನಡದಲ್ಲಿ 1981ರ ‘ಗೀತಾ’ ಮತ್ತು 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಇಳಯರಾಜರು ಕೊಟ್ಟ ಸಂಗೀತವನ್ನು ಗಮನವಿಟ್ಟು ಕೇಳಿದವರಿಗೆ, ಹಾಡಿನ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುವಂತೆ ಬೇಸ್ ಗಿಟಾರ್ ಹರಿಯುತ್ತಿರುವುದು ತಿಳಿಯುತ್ತದೆ. ಸಾರಿನಲ್ಲಿ ಉಪ್ಪು ಕಣ್ಣಿಗೆ ಕಾಣದು. ಇಲ್ಲದಿದ್ದರೆ ಮೊದಲ ತುತ್ತಿನಲ್ಲಿಯೇ ತಿಳಿಯುತ್ತದೆ. ಗೋಷ್ಠಿಯಲ್ಲಿ ಬೇಸಿನ ಕೆಲಸವೂ ಅಂಥದು.

ಹಿರಿಯರ ಆಕ್ಷೇಪವೊಂದನ್ನು ಇಲ್ಲಿ ಎತ್ತಿಕೊಳ್ಳಬೇಕು. “ಊರಿನಲ್ಲಿ ತಂದೆತಾಯಿಗಳು ಮನಿಯಾರ್ಡರಿನ ದಾರಿ ಕಾಯುತ್ತಿದ್ದ ಕಾಲವನ್ನು ನಾವು ಕಂಡವರು, ಇಂದು ಹಣ ಫೋನಿನಲ್ಲಿ ಹೋದರೂ ಕಾಯುವವರು ಕಾಯುತ್ತಲೇ ಇದ್ದಾರೆ. ದುಡಿಯಲು ಬಂದ ಹುಡುಗನಿಗೆ ಗಿಟಾರಿನ ಶೋಕಿ ಏಕೆ?” ಎಂದು ಅವರು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಮನೆಗೆ ಕಳುಹಿಸಬೇಕಾದುದನ್ನು ತಪ್ಪಿಸಿ, ಸಾಲಮಾಡಿ, ಕಂತಿನ ಬಲೆಗೆ ಬಿದ್ದು ವಾದ್ಯವನ್ನು ಕೊಳ್ಳುವುದು ಅವಿವೇಕವೇ ಸರಿ. ಆದರೆ ದುಡಿಮೆಯೊಂದೇ ಮನುಷ್ಯನ ಆಯುಷ್ಯವಲ್ಲ. ಹಿಂದಿನ ತಲೆಮಾರಿನವರು ಹಗಲೆಲ್ಲ ಲೋಟ ತೊಳೆದು ರಾತ್ರಿ ಶಾಲೆಗೆ ಹೋದಾಗಲೂ “ಮಾಣಿಗೆ ಅಕ್ಷರವೇಕೆ?” ಎಂದು ಕೇಳಿದವರಿದ್ದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಿಂದ ಹೊರಬಂದವರು ಆ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟರು. ಹತ್ತು ಜನ ಮಲಗುವ ಖೋಲಿಯಲ್ಲಿ ದಿನದ ಕೊನೆಯ ಒಂದು ಗಂಟೆಯನ್ನು ಕಲಿಕೆಗೆ ಮೀಸಲಿಡುವ ತರುಣನು ಇಸ್ಪೀಟಿನ ಮುಂದೆ ಕುಳಿತವನಿಗಿಂತ ಮನೆಗೆ ಹೆಚ್ಚು ಹತ್ತಿರದಲ್ಲಿದ್ದಾನೆ. ಇನ್ನೊಂದು ಅನುಕೂಲವೂ ಇದೆ: ವಿದ್ಯುತ್ ಸಂಪರ್ಕವಿಲ್ಲದಾಗ ಈ ವಾದ್ಯದ ದನಿ ಬಹಳ ಸಣ್ಣದು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನ ಮೂಲಕ ನುಡಿಸಿದರೆ ರಾತ್ರಿ ಹನ್ನೊಂದರ ಮೇಲೂ ಪಕ್ಕದಲ್ಲಿ ಮಲಗಿದವನ ನಿದ್ದೆ ಕೆಡದು.

ಇನ್ನು ಕೊಳ್ಳುವವನ ಕರ್ತವ್ಯಗಳನ್ನು ನೋಡೋಣ. ನಮ್ಮ ಹೋಟೆಲಿನ ಯಜಮಾನರು ಹಳೆಯ ಗ್ರೈಂಡರನ್ನು ಕೊಳ್ಳುವಾಗ ಅದರ ಬಣ್ಣವನ್ನು ನೋಡಿ ಹಣ ಎಣಿಸುವುದಿಲ್ಲ. ನೆನೆಸಿದ ಅಕ್ಕಿಯನ್ನು ಹಾಕಿ, ತಿರುಗಿಸಿ, ಸದ್ದನ್ನು ಕೇಳಿ, ಹಿಟ್ಟನ್ನು ಬೆರಳಿನಲ್ಲಿ ಮುಟ್ಟಿ ನೋಡುತ್ತಾರೆ. ವಾದ್ಯಕ್ಕೂ ಅದೇ ನಿಯಮ.

ಎಲ್ಲಕ್ಕಿಂತ ಮುಖ್ಯವಾದುದು ಕತ್ತು. ಸಾಮಾನ್ಯ ಬೇಸ್ ಗಿಟಾರಿನಲ್ಲಿ ತಂತಿಯ ಮಿಡಿಯುವ ಉದ್ದ 34 ಅಂಗುಲ. ನಾಲ್ಕು ತಂತಿಗಳ ಎಳೆತ ಒಟ್ಟಿಗೆ 70 ಕಿಲೋಗ್ರಾಂಗಳಿಗೂ ಹೆಚ್ಚು. ಎಂದರೆ ಆ ಮರದ ಕತ್ತು ಹಗಲೂ ರಾತ್ರಿಯೂ ಒಬ್ಬ ಆಳಿನ ಭಾರವನ್ನು ಹೊತ್ತಂತೆ. ಇದನ್ನು ತಡೆಯಲು ಕತ್ತಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನಿಟ್ಟಿರುತ್ತಾರೆ. ಮಳೆಗಾಲದ ತೇವಕ್ಕೂ ಬೇಸಗೆಯ ಒಣಹವೆಗೂ ಮರ ಹಿಗ್ಗಿ ಕುಗ್ಗುವುದರಿಂದ ಈ ಸರಳನ್ನು ಆಗಾಗ ಸ್ವಲ್ಪ ತಿರುಗಿಸಿ ಸರಿಪಡಿಸಬೇಕಾಗುತ್ತದೆ. ಪರೀಕ್ಷೆ ಸುಲಭ. ದಪ್ಪ ತಂತಿಯನ್ನು ಒಂದು ಬೆರಳಿನಿಂದ ಮೊದಲ ಮೆಟ್ಟಿಲಿನಲ್ಲಿಯೂ ಇನ್ನೊಂದು ಬೆರಳಿನಿಂದ ಕೊನೆಯ ಮೆಟ್ಟಿಲಿನಲ್ಲಿಯೂ ಅದುಮಿ ಹಿಡಿದು, ನಡುವೆ ಏಳೆಂಟನೆಯ ಮೆಟ್ಟಿಲಿನ ಹತ್ತಿರ ನೋಡಬೇಕು. ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದಿ ಇದ್ದರೆ ಚಿಂತೆಯಿಲ್ಲ. ಬಹಳ ಹೆಚ್ಚಿದ್ದರೆ ಕತ್ತು ಬಾಗಿದೆ. ಸ್ವಲ್ಪವೂ ಇಲ್ಲದಿದ್ದರೆ ಹಿಂದಕ್ಕೆ ಸೆಟೆದಿರಬಹುದು. ಆ ಸರಳು ತಿರುಗುತ್ತದೆಯೇ ಎಂದು ಮಾರುವವನನ್ನೇ ತಿರುಗಿಸಿ ತೋರಿಸಲು ಕೇಳಬೇಕು. ಸರಳು ಕಚ್ಚಿಕೊಂಡಿದ್ದರೆ ಅಥವಾ ಮುರಿದಿದ್ದರೆ ಆ ವಾದ್ಯ ಎಷ್ಟು ಅಗ್ಗವಾದರೂ ನಮಗೆ ಬೇಡ.

ಎರಡನೆಯದು ಮೆಟ್ಟಿಲುಗಳು. ವೀಣೆಯ ಮೆಟ್ಟಿಲುಗಳಂತೆಯೇ ಇಲ್ಲಿಯೂ ಲೋಹದ ಪಟ್ಟಿಗಳು ತಂತಿಯುಜ್ಜಿ ಸವೆಯುತ್ತವೆ. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನುಡಿಸಿ ನೋಡಬೇಕು. ಎಲ್ಲಿಯಾದರೂ ನಾದ ಸತ್ತಂತಾದರೆ ಅಥವಾ ತಗಡು ಬಡಿದಂತೆ ಸದ್ದು ಬಂದರೆ ಆ ಸ್ಥಳವನ್ನು ಬರೆದಿಟ್ಟುಕೊಳ್ಳಬೇಕು. ಮೂರನೆಯದು ಶ್ರುತಿ. ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಯರ್ಧ. ಅಲ್ಲಿ ತಂತಿಯನ್ನು ಅದುಮಿ ನುಡಿಸಿದ ಸ್ವರವೂ, ಅದುಮದೆ ಬೆರಳಿನ ತುದಿಯನ್ನು ತಾಗಿಸಿ ಎಬ್ಬಿಸಿದ ಸ್ವರವೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಕುದುರೆಯ ತಿರುಪನ್ನು ಸರಿಪಡಿಸಬಹುದು. ತಿರುಪು ತುಕ್ಕು ಹಿಡಿದು ನಿಂತಿದ್ದರೆ ಅದೂ ಖರ್ಚಿನ ಬಾಬತ್ತು. ಕಡಲ ಹವೆಯ ಮುಂಬಯಿ ಚೆನ್ನೈಗಳಲ್ಲಿ ಈ ತುಕ್ಕನ್ನು ವಿಶೇಷವಾಗಿ ಗಮನಿಸಬೇಕು.

ನಾಲ್ಕನೆಯದು ವಿದ್ಯುತ್ತಿನ ಭಾಗ. ವಾದ್ಯವನ್ನು ಆಂಪ್ಲಿಫೈಯರಿಗೆ ಜೋಡಿಸಿಯೇ ಕೇಳಬೇಕು. ಗುಂಡಿಗಳನ್ನು ತಿರುಗಿಸುವಾಗ ಪರಪರನೆ ಸದ್ದಾದರೆ ಅದು ಹೆಚ್ಚಾಗಿ ಧೂಳಿನಿಂದ, ಸುಲಭದ ಕೆಲಸ. ಜ್ಯಾಕಿನಲ್ಲಿ ತಂತಿಯನ್ನು ಅಲುಗಿಸಿದರೆ ದನಿ ಕಡಿಯುತ್ತಿದ್ದರೆ ಅದೂ ಬೆಸುಗೆಯ ಸಣ್ಣ ಕೆಲಸ. ಪಿಕಪ್ಪಿನಿಂದ ದನಿಯೇ ಬಾರದಿದ್ದರೆ ಖರ್ಚು ಹೆಚ್ಚು. ಕೆಲವು ವಾದ್ಯಗಳೊಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಸೋರಿ ಒಳಗನ್ನು ಕೆಡಿಸಿಲ್ಲವೆಂದು ಮುಚ್ಚಳ ತೆಗೆದು ನೋಡಬೇಕು. ಮಾರುವವರು ಮೊಬೈಲಿನಲ್ಲಿ ಕಳುಹಿಸುವ ಚಲಚ್ಚಿತ್ರವನ್ನು ಕೇಳಿ ನಿರ್ಣಯಿಸುವುದು ಸಲ್ಲದು. ಈ ವಾದ್ಯದ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದವನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಎದುರಿಗೆ ಕುಳಿತು ಕೇಳದೆ ಬೇಸನ್ನು ಕೊಳ್ಳಬಾರದು.

ತಲೆಯ ಮೇಲೆ ಅಂಟಿಸಿದ ಹೆಸರಿಗೂ ಮರುಳಾಗಬಾರದು. ಹೆಸರಾಂತ ಕಂಪನಿಯ ಚೀಟಿಯನ್ನು ಅಗ್ಗದ ವಾದ್ಯಕ್ಕೆ ಅಂಟಿಸುವುದು ಬಹುಕಾಲದಿಂದ ನಡೆದುಬಂದ ಮೋಸ. ಕಲಿಯುವವನಿಗೆ ಆ ಹೆಸರು ಬೇಕೂ ಇಲ್ಲ. ಫೆಂಡರ್ ಸಂಸ್ಥೆ 1982ರಲ್ಲಿ ಜಪಾನಿನಲ್ಲಿ ಆರಂಭಿಸಿದ ಸ್ಕ್ವಾಯರ್ ಎಂಬ ಅಗ್ಗದ ಸಾಲು, ಯಮಾಹಾ ಮತ್ತು ಐಬನೆಜ್ ಕಂಪನಿಗಳ ಆರಂಭದ ಮಟ್ಟದ ವಾದ್ಯಗಳು, ಇವು ನಮ್ಮ ನಗರಗಳಲ್ಲಿ ಹಳೆಯವಾಗಿ ಸಿಕ್ಕುತ್ತವೆ. ಸರಿಯಾಗಿ ಇಟ್ಟುಕೊಂಡದ್ದಾದರೆ ಸಂಘದ ವೇದಿಕೆಗೂ ಮದುವೆಯ ಮಂಟಪಕ್ಕೂ ಇವು ಧಾರಾಳವಾಗಿ ಸಾಕು.

ಬೆಲೆಯ ಲೆಕ್ಕವನ್ನೂ ಪೂರ್ತಿಯಾಗಿ ಹಾಕಬೇಕು. ಒಬ್ಬನು 9,000 ರೂಪಾಯಿ ಕೇಳುತ್ತಾನೆಂದೂ ಅವನ ವಾದ್ಯಕ್ಕೆ ಹೊಸ ತಂತಿಗಳಿಗೆ 1,500, ಮೆಟ್ಟಿಲುಗಳ ದುರಸ್ತಿಗೆ 2,000, ಜೋಡಿಸುವ ಕೇಬಲ್ಲಿಗೂ ಚೀಲಕ್ಕೂ 1,000 ಬೇಕೆಂದೂ ಇಟ್ಟುಕೊಳ್ಳೋಣ. ಒಟ್ಟು 13,500 ಆಯಿತು. ಇನ್ನೊಬ್ಬನು ಇದೆಲ್ಲ ಸರಿಯಾಗಿರುವ ವಾದ್ಯಕ್ಕೆ 11,500 ಕೇಳಿದರೆ ಯಾವುದು ಅಗ್ಗ? ಗಲ್ಲಾದಲ್ಲಿ ದಿನವೂ ಲೆಕ್ಕ ಮಾಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆಸೆ ಕಣ್ಣಿಗೆ ಪರದೆ ಕಟ್ಟುವಾಗ ಮೊದಲ ಅಂಕಿಯೊಂದೇ ಕಾಣುತ್ತದೆ.

ಕೊಳ್ಳುವವನಿಗೆ ಹೇಳಿದಷ್ಟನ್ನೇ ಮಾರುವವನಿಗೂ ಹೇಳಬೇಕು. ದೋಷವನ್ನು ತಿಳಿದೂ ಮುಚ್ಚಿಡುವುದು ಕಳ್ಳತನದ ಇನ್ನೊಂದು ರೂಪ. “ಅವನು ನೋಡಿಕೊಂಡೇ ಕೊಂಡ” ಎಂಬ ಸಮಾಧಾನ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ನೋಡಿಕೊಳ್ಳಲು ಬಾರದವನಿಗೆ ಮಾರಿದಾಗ ಆ ಮಾತಿಗೆ ಬೆಲೆಯಿಲ್ಲ. ಕತ್ತಿಗೆ ಒಮ್ಮೆ ಪೆಟ್ಟಾಗಿದ್ದರೆ, ಪಿಕಪ್ಪು ಬದಲಾಗಿದ್ದರೆ, ಏಳನೆಯ ಮೆಟ್ಟಿಲಿನಲ್ಲಿ ನಾದ ಸರಿಯಿಲ್ಲದಿದ್ದರೆ ಮೊದಲೇ ಹೇಳಲಿ. ಅದಕ್ಕೆ ತಕ್ಕಂತೆ ಬೆಲೆಯನ್ನು ಇಳಿಸಲಿ. ಹೀಗೆ ಹೇಳಿ ಮಾರಿದವನು ನಾಳೆ ಅದೇ ಸಂಘದ ಅಂಗಳದಲ್ಲಿ ಕೊಂಡವನನ್ನು ಕಂಡಾಗ ಮುಖ ತಪ್ಪಿಸಬೇಕಾಗಿಲ್ಲ.

ಮಾರುವವನು ತನ್ನ ರಕ್ಷಣೆಯನ್ನೂ ಮಾಡಿಕೊಳ್ಳಬೇಕು. ಹಣ ಕಳುಹಿಸುವೆನೆಂದು ಹೇಳಿ ಕ್ಯೂಆರ್ ಚಿತ್ರವೊಂದನ್ನು ಕಳುಹಿಸಿ, ಅದನ್ನು ತೆರೆದು ಪಿನ್ ಒತ್ತಲು ಹೇಳುವ ವಂಚಕರಿದ್ದಾರೆ. ಹಣವನ್ನು ಪಡೆಯುವುದಕ್ಕೆ ಪಿನ್ನಿನ ಅಗತ್ಯವೇ ಇಲ್ಲ. ಪಿನ್ ಒತ್ತಿದಾಗ ಹಣ ಹೋಗುವುದೇ ಹೊರತು ಬರುವುದಿಲ್ಲ. ಈ ಒಂದು ಮಾತನ್ನು ನಮ್ಮ ವಾಚಕರು ವಾದ್ಯವನ್ನು ಮಾರದಿದ್ದರೂ ನೆನಪಿನಲ್ಲಿಡಬೇಕು.

ವ್ಯವಹಾರ ಎಷ್ಟೇ ಸಣ್ಣದಾದರೂ ಒಂದು ಚೀಟಿಯನ್ನು ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ. ವಾದ್ಯದ ಹೆಸರು, ಅದರ ಮೇಲಿನ ಕ್ರಮಸಂಖ್ಯೆ, ತಿಳಿಸಿದ ದೋಷಗಳು, ಬೆಲೆ, ದಿನಾಂಕ, ಇಬ್ಬರ ಸಹಿ, ಇಷ್ಟಿದ್ದರೆ ಸಾಕು. ನಮ್ಮ ದೇಶದ 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಸಾಮಾನ್ಯವಾಗಿ, ಒಡೆತನವಿಲ್ಲದವನು ಮಾರಿದರೆ ಕೊಂಡವನಿಗೂ ಒಡೆತನ ಬರುವುದಿಲ್ಲ. ಕದ್ದ ವಾದ್ಯವನ್ನು ತಿಳಿಯದೆ ಕೊಂಡವನು ಹಣವನ್ನೂ ವಾದ್ಯವನ್ನೂ ಕಳೆದುಕೊಂಡು ಠಾಣೆಯ ಬೆಂಚಿನ ಮೇಲೆ ಕೂರಬೇಕಾಗಬಹುದು. ಮಾರುವವನು ಕೊಂಡಾಗಿನ ರಶೀದಿಯನ್ನು ತೋರಿಸಲಾರದೆ, ಹೆಸರು ಹೇಳಲು ಹಿಂಜರಿದು, ರಸ್ತೆಯ ತಿರುವಿನಲ್ಲಿ ಭೇಟಿಯಾಗೋಣವೆಂದರೆ ಅಲ್ಲಿಂದ ಮರಳಿ ಬರುವುದೇ ಲೇಸು.

ಇಷ್ಟೆಲ್ಲ ಜಾಣತನದ ಮಾತಾಯಿತು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಜಾಣತನಕ್ಕೆ ಒಂದು ಎಲ್ಲೆಯಿರಬೇಕೆಂಬುದನ್ನು. ತನ್ನ ವಾದ್ಯವನ್ನು ಸಂತೋಷದಿಂದ ಮಾರುವವರು ಕೆಲವರಿರಬಹುದು. ಇನ್ನೂ ಒಳ್ಳೆಯದನ್ನು ಕೊಳ್ಳುವುದಕ್ಕಾಗಿ ಅವರು ಮಾರುತ್ತಾರೆ. ಆದರೆ ನಮ್ಮ ಜನರ ನಡುವೆ ವಾದ್ಯ ಮಾರಾಟಕ್ಕೆ ಬರುವುದು ಬಹುಮಟ್ಟಿಗೆ ಬೇರೆ ಕಾರಣಗಳಿಗಾಗಿ. ಹೋಟೆಲು ಮುಚ್ಚಿತು, ಕೆಲಸ ಹೋಯಿತು, ಊರಿನಲ್ಲಿ ತಾಯಿ ಹಾಸಿಗೆ ಹಿಡಿದಳು, ತಂಗಿಯ ಮದುವೆ ನಿಶ್ಚಯವಾಯಿತು, ಮಗುವಿನ ಶಾಲೆಯ ಶುಲ್ಕಕ್ಕೆ ಗಡುವು ಬಂದಿತು. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಹೋಟೆಲುಗಳೂ ನಿಂತವು, ವೇದಿಕೆಗಳೂ ನಿಂತವು. ಹಗಲಿನ ಪಗಾರ, ಸಂಜೆಯ ಸಂಭಾವನೆ, ಎರಡನ್ನೂ ಒಟ್ಟಿಗೆ ಕಳೆದುಕೊಂಡು ಊರಿನ ದಾರಿ ಹಿಡಿದವರಿಗೆ ಕೈಯಲ್ಲಿದ್ದ ವಸ್ತುಗಳನ್ನು ಬಂದ ಬೆಲೆಗೆ ಕೊಡದೆ ಗತ್ಯಂತರವಿರಲಿಲ್ಲ.

ಇಂಥವನ ಮುಂದೆ ಕುಳಿತ ಕೊಳ್ಳುಗನಿಗೆ ಅವನ ಆತುರ ಕೂಡಲೇ ತಿಳಿಯುತ್ತದೆ. “ಇಂದು ರಾತ್ರಿಯ ಗಾಡಿಗೆ ಹೊರಡಬೇಕು” ಎಂಬ ಮಾತು ಬಾಯಿಂದ ಬಿದ್ದ ಕ್ಷಣದಲ್ಲಿ ಚೌಕಾಶಿಯ ನಾಲಗೆ ಹರಿತವಾಗುತ್ತದೆ. ಹತ್ತು ಸಾವಿರದ ವಸ್ತುವನ್ನು ನಾಲ್ಕು ಸಾವಿರಕ್ಕೆ ಹೊಡೆದುಕೊಂಡು ಬಂದೆನೆಂದು ಖೋಲಿಯಲ್ಲಿ ಹೇಳಿಕೊಂಡು ನಗುವವರಿದ್ದಾರೆ. ಅವರು ಗಳಿಸಿದ ಆರು ಸಾವಿರ ವಾದ್ಯದ ದೋಷದಿಂದ ಬಂದುದಲ್ಲ. ಒಬ್ಬ ಮನುಷ್ಯನ ಸಂಕಟದಿಂದ ಬಂದುದು. ಪೇಟೆಯ ಭಾಷೆಯಲ್ಲಿ ಇದಕ್ಕೆ ಚಾತುರ್ಯವೆಂಬ ಹೆಸರಿರಬಹುದು. ನಮ್ಮ ಹಿರಿಯರ ಭಾಷೆಯಲ್ಲಿ, ಬಿದ್ದವನ ಮೇಲೆ ಕಾಲಿಡುವುದಕ್ಕೆ ಬೇರೆ ಹೆಸರೇ ಇದೆ.

ಹಾಗಾದರೆ ನ್ಯಾಯವಾದ ಬೆಲೆ ಯಾವುದು? ಸುಲಭವಾದ ಕ್ರಮವೊಂದನ್ನು ನಾವು ಸೂಚಿಸುತ್ತೇವೆ. ಅದೇ ಮಾದರಿಯ ಹೊಸ ವಾದ್ಯಕ್ಕೆ ಅಂಗಡಿಯಲ್ಲಿ ಇಂದು ಎಷ್ಟೆಂದು ಕೇಳಬೇಕು. ಮುಂಬಯಿಯವರಿಗೆ ಧೋಬಿ ತಲಾವಿನ ವಾದ್ಯದಂಗಡಿ ದೂರವಲ್ಲ. ಅನಂತರ ಅದೇ ಮಾದರಿಯ ಹಳೆಯ ವಾದ್ಯಕ್ಕೆ ಮೂರು ನಾಲ್ಕು ಜನ ಕೇಳುತ್ತಿರುವ ಬೆಲೆಗಳನ್ನು ನೋಡಬೇಕು. ಅವುಗಳ ನಡುವಣ ಅಂಕಿಯನ್ನು ಹಿಡಿದು, ಎದುರಿಗಿರುವ ವಾದ್ಯದ ದುರಸ್ತಿಗೆ ನಿಜವಾಗಿ ತಗಲುವ ಹಣವನ್ನು ಕಳೆಯಬೇಕು. ಉಳಿದದ್ದೇ ಬೆಲೆ. ಅಲ್ಲಿಯವರೆಗೆ ಚೌಕಾಶಿ ಮಾಡುವುದು ಕೊಳ್ಳುವವನ ಹಕ್ಕು. ಅಲ್ಲಿಂದ ಕೆಳಗೆ ಎಳೆಯುವುದು ಅನ್ಯಾಯ. ಅಂತೆಯೇ ಎಳೆಯ ಹುಡುಗನ ಕಣ್ಣಿನ ಹೊಳಪನ್ನು ಕಂಡು ಅಲ್ಲಿಂದ ಮೇಲಕ್ಕೇರಿಸುವುದೂ ಅನ್ಯಾಯವೇ. ಅಷ್ಟು ಹಣ ಕೈಯಲ್ಲಿಲ್ಲದಿದ್ದರೆ “ನನ್ನಲ್ಲಿರುವುದು ಇಷ್ಟೇ” ಎಂದು ನೇರವಾಗಿ ಹೇಳಲಿ. ಇಲ್ಲದ ದೋಷಗಳನ್ನು ಹುಟ್ಟಿಸಿ ವಾದ್ಯವನ್ನು ಹಳಿಯುವುದು ಬೇಡ. ಆಮೇಲೆ ಕೊಡುವುದೂ ಬಿಡುವುದೂ ಮಾರುವವನ ಇಚ್ಛೆ.

“ಪೇಟೆಯಲ್ಲಿ ಧರ್ಮ ಹೇಳಿದರೆ ಹೊಟ್ಟೆ ತುಂಬುತ್ತದೆಯೇ? ನಾನು ನ್ಯಾಯವಾಗಿ ನಡೆದರೆ ಇನ್ನೊಬ್ಬನು ಬಂದು ಅಗ್ಗಕ್ಕೆ ಕೊಂಡುಹೋಗುವನು” ಎಂದು ಯಾರಾದರೂ ಹೇಳಬಹುದು. ಒಪ್ಪುವ ಮಾತೇ. ಆದರೆ ಊರು ಬಿಟ್ಟು ಬಂದವರ ಸಮಾಜದಲ್ಲಿ ಒಂದು ವಿಶೇಷವಿದೆ. ಇಂದು ಕೊಳ್ಳುವವನು ನಾಳೆ ಮಾರುವವನೂ ಆಗುತ್ತಾನೆ. ನಮ್ಮಲ್ಲಿ ಯಾರ ಕೆಲಸವೂ ಶಾಶ್ವತವಲ್ಲ, ಯಾರ ಖೋಲಿಯೂ ಸ್ವಂತದ್ದಲ್ಲ. ಒಂದೇ ವಾದ್ಯ ಹತ್ತು ವರ್ಷಗಳಲ್ಲಿ ನಾಲ್ಕು ಕೈಗಳನ್ನು ಕಾಣುತ್ತದೆ. ಪ್ರತಿಯೊಂದು ಕೈಯೂ ಸತ್ಯವನ್ನು ಹೇಳಿ, ತಂತಿಗಳನ್ನು ಒರೆಸಿ, ನ್ಯಾಯವಾದ ಬೆಲೆಗೆ ಮುಂದಿನ ಕೈಗೆ ಕೊಟ್ಟರೆ ನಾಲ್ವರೂ ಕಲಿತರು, ನಾಲ್ವರೂ ಹೆಚ್ಚು ಕಳೆದುಕೊಳ್ಳಲಿಲ್ಲ. ನಡುವೆ ಒಬ್ಬನು ಮೋಸಮಾಡಿದರೆ ಅವನ ನಂತರದವನು ಕಲಿಯುವುದನ್ನೇ ಬಿಡುತ್ತಾನೆ. ಮೇಲಿನ ತರಗತಿಗೆ ಹೋದವನು ತನ್ನ ಹಳೆಯ ಪುಸ್ತಕಗಳನ್ನು ಕೆಳಗಿನವನಿಗೆ ಅರ್ಧ ಬೆಲೆಗೆ ಕೊಡುತ್ತಿದ್ದ ಪದ್ಧತಿಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಪುಸ್ತಕದಲ್ಲಿ ಹಾಳೆ ಹರಿದಿದ್ದರೆ ಅದನ್ನು ತೋರಿಸಿಯೇ ಕೊಡುತ್ತಿದ್ದೆವು. ವಾದ್ಯಕ್ಕೂ ಅದೇ ರೀತಿ ಸಾಕು.

ಈ ವಿಷಯದಲ್ಲಿ ನಮ್ಮ ಸಂಘಗಳು ಮಾಡಬಹುದಾದ ಕೆಲಸ ಬಹಳವಿದೆ, ಖರ್ಚು ಬಹಳ ಕಡಿಮೆ. ಮೊದಲನೆಯದಾಗಿ, ಸಂಘದ ಸೂಚನಾಫಲಕದಲ್ಲಿ ವಾದ್ಯ ಕೊಡುವವರ ಮತ್ತು ಬೇಕಾದವರ ಪಟ್ಟಿಯೊಂದನ್ನು ಹಾಕಬಹುದು. ಎರಡನೆಯದಾಗಿ, ಪ್ರತಿಯೊಂದು ಸಂಘದಲ್ಲಿಯೂ ವಾದ್ಯದ ಮರ್ಮವನ್ನು ಬಲ್ಲ ಒಬ್ಬಿಬ್ಬರು ಇದ್ದೇ ಇರುತ್ತಾರೆ; ಕೊಳ್ಳಲು ಹೊರಟ ಹುಡುಗನ ಜೊತೆಗೆ ಒಂದು ಭಾನುವಾರ ಅವರು ಹೋಗಿಬರಬಹುದು. ಮೂರನೆಯದಾಗಿ, ವಾರ್ಷಿಕೋತ್ಸವದ ಹೂಮಾಲೆ ಶಾಲುಗಳಿಗಾಗಿ ಮಾಡುವ ಖರ್ಚಿನಲ್ಲಿ ಸ್ವಲ್ಪವನ್ನು ಉಳಿಸಿ, ಒಂದು ಹಳೆಯ ಬೇಸ್ ಗಿಟಾರನ್ನೂ ಒಂದು ಸಣ್ಣ ಆಂಪ್ಲಿಫೈಯರನ್ನೂ ಕೊಂಡು ಸಂಘದ ಕಪಾಟಿನಲ್ಲಿಡಬಹುದು. ಪುಸ್ತಕಭಂಡಾರದಿಂದ ಪುಸ್ತಕವನ್ನು ಒಯ್ಯುವಂತೆ ಕಲಿಯುವವನು ಅದನ್ನು ಎರಡು ತಿಂಗಳು ಒಯ್ಯಲಿ. ಆಸಕ್ತಿ ನಿಂತರೆ ತನ್ನದನ್ನು ಕೊಳ್ಳುವನು, ನಿಲ್ಲದಿದ್ದರೆ ಮರಳಿಸುವನು. ಎರಡು ತಿಂಗಳ ಉತ್ಸಾಹಕ್ಕಾಗಿ ಎರಡು ವರ್ಷದ ಕಂತನ್ನು ಕಟ್ಟುವ ಸಂಕಟ ತಪ್ಪುತ್ತದೆ. ಊರಿಗೆ ಹೊರಟವನ ವಾದ್ಯವನ್ನು ಸಂಘವೇ ನ್ಯಾಯವಾದ ಬೆಲೆಗೆ ಕೊಂಡುಕೊಂಡರಂತೂ ಒಂದು ಹಣದಿಂದ ಎರಡು ಉಪಕಾರ ನಡೆಯುತ್ತದೆ: ಹೋಗುವವನ ಕೈಗೆ ನಾಲ್ಕು ಕಾಸು ಸೇರುತ್ತದೆ, ಬರುವವನ ಕೈಗೆ ವಾದ್ಯ ಸೇರುತ್ತದೆ.

ವೇದಿಕೆಯ ಮೇಲೆ ನಿಂತು ಹಾಡುವವನಿಗೆ ಚಪ್ಪಾಳೆ ದೊರೆಯುತ್ತದೆ. ಹಿಂದೆ ನಿಂತು ನಾಲ್ಕು ತಂತಿಗಳ ಮೇಲೆ ಹಾಡಿನ ಭಾರವನ್ನು ಹೊರುವವನ ಕಡೆಗೆ ಯಾರೂ ನೋಡುವುದಿಲ್ಲ. ಅಡಿಗೆಮನೆಯ ಹೊಗೆಯಲ್ಲಿ ದುಡಿದು ಹೊರಗಿನ ಮೇಜಿನವರ ಹಸಿವನ್ನು ತಣಿಸುವ ನಮ್ಮ ಜನರಿಗೆ ಆ ಬಾಳು ಹೊಸದಲ್ಲ. ಅಂಥ ವಾದ್ಯವನ್ನು ನಮ್ಮ ತರುಣರು ಕಲಿಯಬೇಕೆಂಬುದು ನಮ್ಮ ಆಸೆ. ಅದನ್ನು ಕೊಳ್ಳುವಾಗ ಕಣ್ಣು ತೆರೆದಿರಲಿ. ಮಾರುವಾಗ ಬಾಯಿ ಸತ್ಯವನ್ನಾಡಲಿ. ಎದುರಿಗಿರುವವನು ಕಷ್ಟದಲ್ಲಿದ್ದಾನೆಂದು ತಿಳಿದಾಗ ಅವನ ಬೆಲೆಯನ್ನು ಇನ್ನೂ ಇಳಿಸುವ ಮನಸ್ಸು ಬಾರದಿರಲಿ ಎಂದು ನಮ್ಮ ವಾಚಕರಲ್ಲಿ ನಾವು ವಿನಂತಿ ಮಾಡಿಕೊಳ್ಳುತ್ತೇವೆ.